ಶೇಕಡಾ 21ಕ್ಕೇ ಆರಿಹೋಗುವ ಫೋನು

ಕಳೆದ ಆಷಾಢದಲ್ಲಿ ಊರಿಗೆ ಹೋಗಿದ್ದಾಗ ಅಪ್ಪಯ್ಯ ತಮ್ಮ ಮೊಬೈಲನ್ನು ತಂದು ನನ್ನ ಮುಂದಿಟ್ಟು, “ಇದು ಸುಳ್ಳು ಹೇಳ್ತದೆ ಮಾರಾಯ. ಇಪ್ಪತ್ತು ಇದೆ ಅಂತ ತೋರಿಸ್ತದೆ, ಕಿವಿಗೆ ಹಿಡಿಯೋದ್ರೊಳಗೆ ಸತ್ತು ಹೋಗ್ತದೆ” ಎಂದು ದೂರಿದರು. ತೀರ್ಥಹಳ್ಳಿಯ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಆದ್ದರಿಂದ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬ ಅಂಕಿಯನ್ನು ನಂಬಿಯೇ ಅಲ್ಲಿನವರು ಟಾರ್ಚು ಹೊತ್ತಿಸುತ್ತಾರೆ, ಅಡಿಕೆ ಧಾರಣೆ ನೋಡುತ್ತಾರೆ, ದೂರದ ಮಕ್ಕಳಿಗೆ ಕರೆ ಮಾಡುತ್ತಾರೆ. ಆ ಅಂಕಿಯೇ ಕೈಕೊಟ್ಟರೆ ಸಿಟ್ಟು ಬರುವುದು ಸಹಜ.

ಎರಡು ದಿನ ಆ ಫೋನನ್ನು ಗಮನಿಸಿದೆ. ನಾಲ್ಕು ವರ್ಷದ ಹಿಂದೆ ಕೊಂಡ, 5000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಯಿರುವ ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನು ಅದು. ಸುಮ್ಮನೆ ಇಟ್ಟಿದ್ದರೆ ಅಂಕಿ ಸಮನಾಗಿ ಇಳಿಯುತ್ತಿತ್ತು. ಆದರೆ ಶೇ 21 ಇದ್ದಾಗ ವಿಡಿಯೊ ಕರೆ ಮಾಡಿದೊಡನೆ ಪರದೆ ಕಪ್ಪಾಯಿತು. ಚಾರ್ಜರ್ ಸಿಕ್ಕಿಸಿ ಆನ್ ಮಾಡಿದಾಗ 9 ಎಂದು ತೋರಿಸಿ, ಹತ್ತೇ ನಿಮಿಷದಲ್ಲಿ 34ಕ್ಕೆ ಹಾರಿತು. ಅದೇ ಸಮಯದಲ್ಲಿ ನನ್ನ ಎರಡು ವರ್ಷದ ಫೋನಿಗೂ ಒಂದು ಕಾಯಿಲೆಯಿತ್ತು. ಅದು 12ರಿಂದ ಒಮ್ಮೆಲೇ 1ಕ್ಕೆ ಬಿದ್ದು, ಆ ಒಂದರಲ್ಲಿಯೇ ಐವತ್ತು ನಿಮಿಷ ನಡೆಯುತ್ತಿತ್ತು. ಇವೆರಡೂ ತಪ್ಪು ಅಂಕಿಯ ದೂರುಗಳೇ ಆದ್ದರಿಂದ ಎರಡಕ್ಕೂ ಒಂದೇ ಮದ್ದು, ಅಂದರೆ ಅಂಕಿಯನ್ನು ಬ್ಯಾಟರಿಯ ನಿಜಸ್ಥಿತಿಗೆ ತಾಳೆ ಮಾಡುವ ಬ್ಯಾಟರಿ ಕ್ಯಾಲಿಬ್ರೇಶನ್, ಸಾಕೆಂದು ನಾನು ಮೊದಲು ಎಣಿಸಿದ್ದೆ. ಒಂದಕ್ಕೆ ಅದು ನಾಟಿತು, ಇನ್ನೊಂದಕ್ಕೆ ನಾಟಲಿಲ್ಲ. ಹಾಗೇಕೆ ಎಂಬುದನ್ನು ತಿಳಿಯಲು ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರದೆಯ ಮೂಲೆಯ ಶೇಕಡಾವಾರು ಅಂಕಿ ಅಳತೆಯಲ್ಲ, ಅಂದಾಜು. ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಎಷ್ಟು ವಿದ್ಯುತ್ತು ಉಳಿದಿದೆ ಎಂಬುದನ್ನು ನೇರವಾಗಿ ನೋಡುವ ದಾರಿ ಫೋನಿಗೆ ಇಲ್ಲ. ಅದಕ್ಕೆ ಅಳೆಯಲು ಸಿಗುವುದು ವೋಲ್ಟೇಜು, ಒಳಹೊರಗೆ ಹರಿಯುವ ಕರೆಂಟು ಮತ್ತು ಉಷ್ಣತೆ, ಈ ಮೂರು ಮಾತ್ರ. ವೋಲ್ಟೇಜೊಂದನ್ನೇ ನೋಡಿ ಹೇಳಬಾರದೇ ಎಂದರೆ, ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ನೆನಪಿಸಿಕೊಳ್ಳಬಹುದು. ಒಳಗೆ ದ್ರವರೂಪದ ಅನಿಲ ಸ್ವಲ್ಪವಾದರೂ ಇರುವವರೆಗೆ ಸಿಲಿಂಡರಿನ ಒತ್ತಡ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಹಾಗಾಗಿ ಒಲೆಯ ಉರಿ ಕೊನೆಯ ದಿನದವರೆಗೂ ಚೆನ್ನಾಗಿಯೇ ಇದ್ದು, ಒಂದು ಬೆಳಿಗ್ಗೆ ದೋಸೆ ಕಾವಲಿಯ ಮೇಲಿರುವಾಗಲೇ ನಂದುತ್ತದೆ. ಲಿಥಿಯಂ ಬ್ಯಾಟರಿಯೂ ಅಷ್ಟಿಷ್ಟು ಹೀಗೆಯೇ. ತುಂಬಿದಾಗ 4.2 ವೋಲ್ಟು, ಈಚಿನ ಹಲವು ಫೋನುಗಳಲ್ಲಿ 4.4ರ ಆಸುಪಾಸು ಇರುವ ಅದರ ವೋಲ್ಟೇಜು ಮೊದಲು ಸ್ವಲ್ಪ ಬೇಗ ಇಳಿದು, ಅರ್ಧದಿಂದ ಶೇ 20ರವರೆಗಿನ ದಾರಿಯಲ್ಲಿ ಹತ್ತನೇ ಒಂದೆರಡು ವೋಲ್ಟಿನಷ್ಟು ಮಾತ್ರ ಇಳಿಯುತ್ತದೆ, ಕೊನೆಯಲ್ಲಿ ಕಡಿದಾಗಿ ಕುಸಿಯುತ್ತದೆ. ನಡುವಿನ ಆ ಸಮತಟ್ಟು ಪ್ರದೇಶದಲ್ಲಿ ವೋಲ್ಟೇಜನ್ನು ಒಂದು ಚೂರು ತಪ್ಪಾಗಿ ಓದಿದರೂ ಅಂಕಿ ಹತ್ತು ಹದಿನೈದು ಹೆಜ್ಜೆ ತಪ್ಪುತ್ತದೆ. ಅದರ ಮೇಲೆ, ಫೋನು ಕೆಲಸ ಮಾಡುತ್ತಿರುವಾಗ ವೋಲ್ಟೇಜು ನಿಜಕ್ಕಿಂತ ಕೆಳಗೆ ಜಗ್ಗಿರುತ್ತದೆ, ಚಾರ್ಜಾಗುತ್ತಿರುವಾಗ ನಿಜಕ್ಕಿಂತ ಮೇಲೆ ಉಬ್ಬಿರುತ್ತದೆ.

ಆದ್ದರಿಂದ ಫೋನುಗಳು ಇನ್ನೊಂದು ಉಪಾಯ ಹೂಡುತ್ತವೆ. ಫ್ಯುಯೆಲ್ ಗೇಜ್ ಎಂದು ಕರೆಯುವ ಒಂದು ಚಿಪ್ಪು, ಬ್ಯಾಟರಿಯ ದಾರಿಯಲ್ಲಿರುವ ಅತಿ ಸಣ್ಣ ರೋಧಕವೊಂದರ ಮೂಲಕ ಹೋಗುವ ಬರುವ ಕರೆಂಟನ್ನು ಕ್ಷಣಕ್ಷಣವೂ ಅಳೆದು ಕೂಡುತ್ತಾ ಹೋಗುತ್ತದೆ. ಇದಕ್ಕೆ ಕೂಲಂಬ್ ಎಣಿಕೆ ಎಂದು ಹೆಸರು. ಒಂದು ಆಂಪಿಯರ್ ಕರೆಂಟು ಒಂದು ಸೆಕೆಂಡು ಹರಿದರೆ ಒಂದು ಕೂಲಂಬ್; 5000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಯೆಂದರೆ 18,000 ಕೂಲಂಬ್‌ಗಳ ಕಣಜ. ಇದು ಕಿರಾಣಿ ಅಂಗಡಿಯವರು ದಿನವೂ ಬಂದ ಮೂಟೆ, ಹೋದ ಮೂಟೆಗಳನ್ನು ಪುಸ್ತಕದಲ್ಲಿ ಬರೆದು ಬಾಕಿ ತೆಗೆದಂತೆ. ಗೋದಾಮಿಗೆ ಹೋಗದೆಯೇ ಎಷ್ಟು ಸರಕು ಉಳಿದಿದೆ ಎಂದು ಹೇಳಬಹುದು. ಆದರೆ ಪುಸ್ತಕದಲ್ಲಿ ದಿನಕ್ಕೊಂದು ಹಿಡಿಯಷ್ಟು ತಪ್ಪಾದರೂ ಅದು ಕೂಡುತ್ತಲೇ ಹೋಗುತ್ತದೆ. ಚಿಪ್ಪಿನ ಅಳತೆಯಲ್ಲಿ ಒಂದೇ ಒಂದು ಮಿಲಿ ಆಂಪಿಯರ್ ಸದಾ ತಪ್ಪಿದೆಯೆಂದು ಇಟ್ಟುಕೊಂಡರೂ ದಿನಕ್ಕೆ 24, ತಿಂಗಳಿಗೆ 720 ಮಿಲಿ ಆಂಪಿಯರ್ ಗಂಟೆ ಲೆಕ್ಕ ತಪ್ಪುತ್ತದೆ. 5000ದಲ್ಲಿ ಅದು ಶೇ 14ಕ್ಕೂ ಹೆಚ್ಚು. ಸಾಲದ್ದಕ್ಕೆ ಗೋದಾಮೇ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುತ್ತದೆ, ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ಹಳೆಯ ಅಳತೆಯೇ ಇರುತ್ತದೆ.

ಹಾಗಾಗಿ ಅಂಗಡಿಯವರು ಆಗಾಗ ಬಾಗಿಲು ಹಾಕಿ ದಾಸ್ತಾನು ಎಣಿಸಿ ಪುಸ್ತಕದೊಂದಿಗೆ ತಾಳೆ ನೋಡುತ್ತಾರೆ. ಕ್ಯಾಲಿಬ್ರೇಶನ್ ಎಂದರೆ ಇದೇ. ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿ ಮತ್ತು ಪೂರ್ತಿ ಖಾಲಿಯಾದ ಸ್ಥಿತಿ, ಈ ಎರಡು ತುದಿಗಳಲ್ಲಿ ವೋಲ್ಟೇಜಿನ ಓದು ನಂಬಲರ್ಹವಾಗಿರುತ್ತದೆ; ಕರೆಂಟು ಹರಿಯದೆ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದರಂತೂ ಇನ್ನಷ್ಟು. ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಿಯಿಲ್ಲದೆ ಸಾಗಿದರೆ, ನಡುವೆ ಹರಿದ ಕೂಲಂಬ್‌ಗಳ ಒಟ್ಟು ಮೊತ್ತವೇ ಈಗಿನ ನಿಜವಾದ ಸಾಮರ್ಥ್ಯವೆಂದು ಚಿಪ್ಪು ತಿದ್ದಿಕೊಳ್ಳಬಹುದು. ಗಮನಿಸಬೇಕಾದುದೇನೆಂದರೆ, ದಾಸ್ತಾನು ಎಣಿಸಿದ ಮಾತ್ರಕ್ಕೆ ಗೋದಾಮಿಗೆ ಒಂದು ಮೂಟೆಯೂ ಹೆಚ್ಚಾಗಿ ಬರುವುದಿಲ್ಲ. ಕ್ಯಾಲಿಬ್ರೇಶನ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಎಂದು ಹೇಳುವವರ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ.

ಇನ್ನು ಅಪ್ಪಯ್ಯನ ಫೋನಿನ ವಿಷಯ. ಪ್ರತಿ ಬ್ಯಾಟರಿಗೂ ತನ್ನದೇ ಒಳರೋಧ, ಅಂದರೆ ಕರೆಂಟು ಹರಿಯುವುದಕ್ಕೆ ಒಳಗೇ ಒಂದು ತಡೆ ಇರುತ್ತದೆ, ಹಳೆಯದಾದಂತೆ ಅದು ಏರುತ್ತದೆ. ವಿಶ್ರಾಂತಿಯಲ್ಲಿ 3.65 ವೋಲ್ಟು ಇರುವ, ಕಾಲು ಓಮ್ ಒಳರೋಧದ ಮುದಿ ಬ್ಯಾಟರಿಯಿಂದ ವಿಡಿಯೊ ಕರೆ, ಪರದೆಯ ಬೆಳಕು, ದುರ್ಬಲ ಸಿಗ್ನಲ್ಲಿಗಾಗಿ ಹೆಣಗುವ ರೇಡಿಯೊ ಎಲ್ಲ ಸೇರಿ ಒಂದು ಕ್ಷಣ ಎರಡು ಆಂಪಿಯರ್ ಎಳೆದವೆಂದುಕೊಳ್ಳಿ. ಆಗ ಅರ್ಧ ವೋಲ್ಟು ಒಳಗೇ ಕಳೆದುಹೋಗಿ ಫೋನಿಗೆ 3.15 ಮಾತ್ರ ಸಿಗುತ್ತದೆ. ಫೋನು ತನ್ನನ್ನು ಕಾಪಾಡಿಕೊಳ್ಳಲು ಅಲ್ಲಿಯೇ ಆರಿಹೋಗುತ್ತದೆ. ಆ ಹೊತ್ತಿನಲ್ಲಿ ಶೇ 21 ಎಂಬ ಅಂಕಿ ಪೂರ್ತಿ ಸುಳ್ಳೂ ಅಲ್ಲ: ವಿದ್ಯುತ್ತು ಒಳಗೆ ಇದೆ, ಬೇಕಾದ ವೇಗದಲ್ಲಿ ಹೊರಗೆ ಬರುತ್ತಿಲ್ಲ. ಟೊರಾಂಟೊದಲ್ಲಿರುವ ಅಕ್ಕನ ಮಗ ಹಿಮದಲ್ಲಿ ನಿಂತು ಫೋಟೊ ತೆಗೆಯುವಾಗ ಅವನ ಫೋನು ಶೇ 30ರಲ್ಲಿ ಆರಿ, ಮನೆಯೊಳಗೆ ಬಂದು ಬೆಚ್ಚಗಾದ ಮೇಲೆ ಅದೇ ಅಂಕಿಯೊಂದಿಗೆ ಮತ್ತೆ ಎದ್ದದ್ದೂ ಇದೇ ಕಾರಣಕ್ಕೆ; ಚಳಿಯಲ್ಲಿ ಒಳರೋಧ ಏರುತ್ತದೆ. ಆಪಲ್ ಕಂಪನಿಯ ಪ್ರಸಿದ್ಧ ಪ್ರಸಂಗದ ಬೇರೂ ಇಲ್ಲಿಯೇ ಇದೆ. ಹಳೆಯ ಬ್ಯಾಟರಿಯ ಐಫೋನುಗಳು ಹಠಾತ್ತನೆ ಆರಿಹೋಗುವುದನ್ನು ತಡೆಯಲು 2017ರ ಆರಂಭದಲ್ಲಿ ಬಂದ ಐಫೋನಿನ ತಂತ್ರಾಂಶ ಐಓಎಸ್ 10.2.1ರಲ್ಲಿ ಅದು ಅಂಥ ಫೋನುಗಳ ವೇಗವನ್ನು ಸದ್ದಿಲ್ಲದೆ ತಗ್ಗಿಸಿತ್ತು, ಆ ವರ್ಷದ ಡಿಸೆಂಬರಿನಲ್ಲಿ ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಪುಸ್ತಕ ತಿದ್ದಿ ಸರಿಪಡಿಸಬಹುದಾದ ದೋಷ ಅದಾಗಿದ್ದರೆ ಅಷ್ಟೆಲ್ಲ ಬೇಕಾಗಿರಲಿಲ್ಲ.

ಆದರೆ ಇಷ್ಟೆಲ್ಲ ತಿಳಿಯುವ ಮೊದಲು ನಾನೂ ಎಲ್ಲರಂತೆ ಸಿಕ್ಕ ಸಲಹೆಗಳನ್ನೆಲ್ಲ ಕೇಳಿದೆ. ಪೇಟೆಯ ಮೊಬೈಲ್ ಅಂಗಡಿಯವರೊಬ್ಬರು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಬೇಕೆಂದರು. ಇದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಅವುಗಳನ್ನು ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜು ಮಾಡಿದರೆ ‘ಮೆಮೊರಿ’ ದೋಷ ಬರುತ್ತದೆಂದು ಹೇಳುತ್ತಿದ್ದರು. ಹೊಸ ಫೋನನ್ನು ಮೊದಲು ಎಂಟು ಗಂಟೆ ಚಾರ್ಜಿಗಿಡಬೇಕೆಂದು ನಮಗೆಲ್ಲ ಹೇಳಿ ಕಳಿಸುತ್ತಿದ್ದುದೂ ಅದೇ ಕಾಲದ ಪಳೆಯುಳಿಕೆ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯ ಸ್ವಭಾವವೇ ಬೇರೆ. ಪೂರ್ತಿ ಖಾಲಿಯಾಗುವುದು ಅದಕ್ಕೆ ವ್ಯಾಯಾಮವಲ್ಲ, ದಣಿವು. ಹಾಗಾಗಿ ಕ್ಯಾಲಿಬ್ರೇಶನ್ ಎಂಬುದು ಎರಡು ಮೂರು ತಿಂಗಳಿಗೊಮ್ಮೆ, ಅದೂ ಅಂಕಿ ಎಡವುತ್ತಿದ್ದರೆ ಮಾತ್ರ ಮಾಡುವ ಕೆಲಸವೇ ಹೊರತು ವಾರದ ವ್ರತವಲ್ಲ.

ಇನ್ನೊಂದು ಸಲಹೆ ಗೆಳೆಯನದು: ಬ್ಯಾಟರಿ ಕ್ಯಾಲಿಬ್ರೇಶನ್ ಆ್ಯಪ್ ಹಾಕಿಕೊಂಡು ಗುಂಡಿ ಒತ್ತಿದರಾಯಿತು. ಈ ನಂಬಿಕೆಗೂ ಒಂದು ಚರಿತ್ರೆಯಿದೆ. ಆಂಡ್ರಾಯ್ಡಿನ ಆರಂಭದ ವರ್ಷಗಳಲ್ಲಿ, ಫೋನನ್ನು ರೂಟ್ ಮಾಡಿ, ಅಂದರೆ ಅದರ ತಂತ್ರಾಂಶದ ಮೇಲೆ ಪೂರ್ತಿ ಹಿಡಿತ ಪಡೆದು, ಬ್ಯಾಟರಿ ಅಂಕಿಅಂಶಗಳ ಕಡತವನ್ನು ಅಳಿಸಿದರೆ ಕ್ಯಾಲಿಬ್ರೇಶನ್ ಆಗುತ್ತದೆಂದು ಬಲ್ಲವರೇ ಹೇಳುತ್ತಿದ್ದರು, ಆ್ಯಪ್‌ಗಳೂ ಅದನ್ನೇ ಮಾಡುತ್ತಿದ್ದವು. ಗೂಗಲ್‌ನಲ್ಲಿ ಆಂಡ್ರಾಯ್ಡ್ ತಂಡದ ಎಂಜಿನಿಯರ್ ಆಗಿದ್ದ ಡಯಾನ್ ಹ್ಯಾಕ್‌ಬೋರ್ನ್ 2012ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ತಳ್ಳಿಹಾಕಿದರು: ಆ ಕಡತದಲ್ಲಿರುವುದು ಯಾವ ಆ್ಯಪ್ ಎಷ್ಟು ವಿದ್ಯುತ್ತು ಬಳಸಿತೆಂಬ ವಿವರವಷ್ಟೇ, ಪರದೆಯ ಮೇಲಿನ ಚಾರ್ಜಿನ ಅಂಕಿಗೂ ಅದಕ್ಕೂ ಸಂಬಂಧವಿಲ್ಲ. ಫ್ಯುಯೆಲ್ ಗೇಜ್ ಚಿಪ್ಪಿನ ಪುಸ್ತಕವನ್ನು ತಿದ್ದುವ ಅಧಿಕಾರ ಸಾಮಾನ್ಯ ಆ್ಯಪ್‌ಗೆ ಇಲ್ಲ. ಗುಂಡಿ ಒತ್ತಿದಾಗ ಬರುವ ಹಸಿರು ಟಿಕ್ ಗುರುತು ಜಾಹೀರಾತು ತೋರಿಸಲು ಸಿಕ್ಕ ನೆಪ ಎಂದೇ ನನ್ನ ಅನಿಸಿಕೆ.

ನಾನು ಮಾಡಿದ್ದು ಇಷ್ಟು. ಮೊದಲು ಎರಡೂ ಫೋನುಗಳ ತಂತ್ರಾಂಶವನ್ನು ನವೀಕರಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ ಎರಡು ದಿನ ಕಾದೆ. ಕೆಲವೊಮ್ಮೆ ದೋಷ ಅಲ್ಲಿಗೇ ಮುಗಿಯುವುದುಂಟು. ಹಿಂಬದಿಯ ಮುಚ್ಚಳ ಎದ್ದಿದೆಯೇ, ಪರದೆಯ ಅಂಚಿನಲ್ಲಿ ಬಿರುಕು ಕಾಣುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ, ಏಕೆಂದರೆ ಬ್ಯಾಟರಿ ಉಬ್ಬಿದ್ದರೆ ಕ್ಯಾಲಿಬ್ರೇಶನ್ ಅಲ್ಲ, ಚಾರ್ಜನ್ನೇ ನಿಲ್ಲಿಸಿ ಬ್ಯಾಟರಿ ತೆಗೆಸಬೇಕು. ಉಬ್ಬಿರಲಿಲ್ಲ. ಬಳಿಕ ಫೋನು ತಾನಾಗಿ ಆರುವವರೆಗೆ ಎಂದಿನಂತೆ ಬಳಸಿದೆ. ಬೇಗ ಖಾಲಿಯಾಗಲೆಂದು ಟಾರ್ಚು, ಗೇಮು ಎಲ್ಲವನ್ನೂ ಒಟ್ಟಿಗೆ ಓಡಿಸುವುದು ತಪ್ಪು; ಭಾರ ಹೆಚ್ಚಾದಷ್ಟೂ ವೋಲ್ಟೇಜು ಜಗ್ಗಿ, ನಿಜವಾಗಿ ಖಾಲಿಯಾಗುವ ಮೊದಲೇ ಫೋನು ಆರುತ್ತದೆ. ಕೊನೆಯ ಹತ್ತು ಶೇಕಡಾವನ್ನು ಪರದೆಯ ಬೆಳಕು ತಗ್ಗಿಸಿ, ಮಂದವಾದ ಒಂದು ಪುಟ ತೆರೆದಿಟ್ಟು ನಿಧಾನವಾಗಿ ಇಳಿಯಗೊಟ್ಟೆ. ಆರಿದ ಮೇಲೆ ಒಮ್ಮೆ ಮಾತ್ರ ಆನ್ ಮಾಡಲು ನೋಡಿ, ನಂತರ ನಾಲ್ಕು ಗಂಟೆ ಮುಟ್ಟದೆ ಇಟ್ಟೆ. ಈ ವಿಶ್ರಾಂತಿಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಜಗ್ಗಿದ ವೋಲ್ಟೇಜು ಮೇಲೆದ್ದು ತನ್ನ ನಿಜವಾದ ಮಟ್ಟಕ್ಕೆ ಬಂದು ನಿಲ್ಲುವುದು ಆಗಲೇ. ಹಾಗೆಂದು ಖಾಲಿ ಬ್ಯಾಟರಿಯನ್ನು ದಿನಗಟ್ಟಲೆ ಬಿಡಬಾರದು. ವೋಲ್ಟೇಜು ತೀರ ಇಳಿದರೆ ಅದಕ್ಕೆ ಶಾಶ್ವತವಾದ ಹಾನಿಯಾಗುತ್ತದೆ.

ಆಮೇಲೆ ಫೋನು ಆಫ್ ಇರುವಾಗಲೇ ಕವಚ ತೆಗೆದು, ಸಾದಾ ಚಾರ್ಜರಿನಿಂದ, ತಂಪಾದ ಜಾಗದಲ್ಲಿ ತುಂಬಲು ಇಟ್ಟೆ. ಮೊದಲ ದಿನ ಅಪ್ಪಯ್ಯನ ಫೋನು 60 ತಲುಪುವಷ್ಟರಲ್ಲಿ ಗುಡುಗು ಸಿಡಿಲಿನೊಂದಿಗೆ ಕರೆಂಟು ಹೋಯಿತು. ತಾಳೆ ನೋಡುವ ದಿನ ಅರ್ಧಕ್ಕೇ ಗೋದಾಮಿನ ದೀಪ ಆರಿದಂತೆ. ನಡುವೆ ನಿಂತು ಮುಂದುವರಿದರೂ ಕೆಲವು ಚಿಪ್ಪುಗಳು ಲೆಕ್ಕ ಹಿಡಿಯಬಹುದು, ಆದರೆ ನನಗೆ ನಂಬಿಕೆ ಸಾಲದೆ ಮರುದಿನ ಪಕ್ಕದ ಮನೆಯ ಇನ್ವರ್ಟರ್ ಪ್ಲಗ್ಗಿನಲ್ಲಿ ಮೊದಲಿನಿಂದ ಮಾಡಿದೆ. ಅಂಕಿ 100 ಎಂದ ಕೂಡಲೇ ತೆಗೆಯಲಿಲ್ಲ. ಚಾರ್ಜಿನ ಮೊದಲ ಭಾಗದಲ್ಲಿ ಕರೆಂಟು ಏಕಪ್ರಕಾರವಾಗಿ ಹರಿದು, ಗರಿಷ್ಠ ವೋಲ್ಟೇಜು ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲಿಯೇ ಹಿಡಿದು ಕರೆಂಟು ಸಣ್ಣಗಾಗುತ್ತಾ ಹೋಗುತ್ತದೆ. ಅದು ಬಹಳ ಸಣ್ಣದಾದಾಗಲೇ ಚಿಪ್ಪಿಗೆ ‘ತುಂಬಿತು’ ಎಂಬ ಖಚಿತ ಗುರುತು ಸಿಗುತ್ತದೆ. ಪರದೆಯ 100 ಕೆಲವೊಮ್ಮೆ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ಆದ್ದರಿಂದ ಇನ್ನೊಂದು ಗಂಟೆ ಬಿಟ್ಟು, ತಂತಿ ತೆಗೆದು, ಮತ್ತೊಂದು ಗಂಟೆ ಸುಮ್ಮನೆ ಇಟ್ಟು ಆನ್ ಮಾಡಿದೆ.

ಚಾರ್ಜರಿಗೂ ತಂತಿಗೂ ನಡುವೆ ನಾನೊಂದು ಚಿಕ್ಕ ಯುಎಸ್‌ಬಿ ಮೀಟರನ್ನು ಸಿಕ್ಕಿಸಿದ್ದೆ. ಎಷ್ಟು ವ್ಯಾಟ್ ಗಂಟೆ ಹೋಯಿತೆಂದು ಅದು ತೋರಿಸುತ್ತದೆ, ಫೋನಿನ ಮಾತನ್ನು ನಂಬಬೇಕಾಗಿಲ್ಲ. 5000 ಮಿಲಿ ಆಂಪಿಯರ್ ಗಂಟೆಯನ್ನು ಸರಾಸರಿ 3.85 ವೋಲ್ಟಿನಿಂದ ಗುಣಿಸಿದರೆ 19.25 ವ್ಯಾಟ್ ಗಂಟೆ. ಎರಡೂ ಫೋನುಗಳದ್ದು ಇದೇ ಅಳತೆ. ಖಾಲಿಯಿಂದ ತುಂಬುವವರೆಗೆ ನನ್ನ ಫೋನು ಮೀಟರಿನಲ್ಲಿ 20.6 ವ್ಯಾಟ್ ಗಂಟೆ ಹೀರಿತು, ಅಪ್ಪಯ್ಯನದು 12.8 ಮಾತ್ರ. ದಾರಿಯಲ್ಲಿ ಶಾಖವಾಗಿ ಹೋಗುವ ಪಾಲನ್ನು ಶೇ 15 ಎಂದು ಒರಟಾಗಿ ಕಳೆದರೆ ನನ್ನ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಶೇ 91ರಷ್ಟು, ಅಪ್ಪಯ್ಯನದರಲ್ಲಿ ಶೇ 57ರಷ್ಟು ಉಳಿದಿತ್ತು. ಶೇ 15 ಎಂಬುದು ನನ್ನ ಊಹೆಯಾದ್ದರಿಂದ ಈ ಅಂಕಿಗಳು ಒಂದಿಷ್ಟು ಆಚೀಚೆ ಆಗಬಹುದು. ಎರಡರ ನಡುವಿನ ಅಂತರ ಮಾತ್ರ ಅನುಮಾನಕ್ಕೆ ಎಡೆಯಿಲ್ಲದಷ್ಟು ದೊಡ್ಡದು.

ಫಲಿತಾಂಶವೂ ಹಾಗೆಯೇ ಬಂತು. ನನ್ನ ಫೋನು ಮರುದಿನದಿಂದಲೇ 12ರಿಂದ 1ಕ್ಕೆ ಬೀಳುವುದನ್ನು ನಿಲ್ಲಿಸಿತು. 11, 10, 9 ಎಂದು ಕ್ರಮವಾಗಿ ಇಳಿದು, 1 ಬಂದ ಐದಾರು ನಿಮಿಷಕ್ಕೆ ಆರಿತು. ಅದರಲ್ಲಿ ಬ್ಯಾಟರಿ ಚೆನ್ನಾಗಿದ್ದು ಪುಸ್ತಕ ಮಾತ್ರ ಕೆಟ್ಟಿತ್ತು. ಕೆಡಿಸಿದವನೂ ನಾನೇ. ಬಾಳಿಕೆ ಹೆಚ್ಚಲೆಂದು ಒಂದು ವರ್ಷ ಚಾರ್ಜನ್ನು 80ಕ್ಕೆ ಮಿತಿಗೊಳಿಸಿ, 35 ಆಗುತ್ತಿದ್ದಂತೆ ಮತ್ತೆ ಸಿಕ್ಕಿಸುತ್ತಿದ್ದೆ. ಅದು ಬ್ಯಾಟರಿಗೆ ಒಳ್ಳೆಯದೇ, ಆದರೆ ಚಿಪ್ಪು ಆ ಒಂದು ವರ್ಷ ಎರಡೂ ತುದಿಗಳನ್ನು ಕಾಣಲಿಲ್ಲ. ಐಫೋನ್ 15ರಿಂದೀಚೆಗಿನವುಗಳಲ್ಲಿ 80ರ ಮಿತಿ ಹಾಕಿಕೊಂಡರೂ, ಅಂದಾಜು ನಿಖರವಾಗಿರಲೆಂದು ಫೋನು ಆಗಾಗ ತಾನಾಗಿಯೇ 100ಕ್ಕೆ ಚಾರ್ಜಾಗುವುದು ಈ ಕಾರಣಕ್ಕೆ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆಯ ಬ್ಯಾಟರಿಯ ವೋಲ್ಟೇಜು ಇನ್ನೂ ಸಮತಟ್ಟಾಗಿರುವುದರಿಂದ, ಅಂಥ ಬ್ಯಾಟರಿಯಿರುವ ಕಾರುಗಳನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಿ ಎಂದು ಟೆಸ್ಲಾ ಕಂಪನಿ ತನ್ನ ಗ್ರಾಹಕರಿಗೆ ಹೇಳುತ್ತದೆ. ನಾನೀಗ 80ರ ಮಿತಿಯನ್ನು ಉಳಿಸಿಕೊಂಡು ತಿಂಗಳಿಗೊಮ್ಮೆ 100 ಮುಟ್ಟಿಸುತ್ತಿದ್ದೇನೆ. ಕೆಳಗಿನ ತುದಿಗೆ ಇಳಿಸುವ ಅಗತ್ಯ ಇನ್ನೂ ಬಿದ್ದಿಲ್ಲ.

ಅಪ್ಪಯ್ಯನ ಫೋನು ಕಲಿಸಿದ ಪಾಠ ಬೇರೆ. ಮೊದಲು ಅದು 100ರಿಂದ 21ಕ್ಕೆ ಬರಲು ಆರು ಗಂಟೆ ತೆಗೆದುಕೊಂಡು ಆರುತ್ತಿತ್ತು. ಕ್ಯಾಲಿಬ್ರೇಶನ್ ಆದ ಮೇಲೆ 100ರಿಂದ 5ಕ್ಕೆ ಬರಲು ಅದೇ ಆರು ಗಂಟೆ ತೆಗೆದುಕೊಂಡು ಆರಿತು. ಅಂಕಿ ಬೇಗ ಬೇಗ ಇಳಿಯುತ್ತಿತ್ತು ಅಷ್ಟೇ, ಒಂದು ನಿಮಿಷವೂ ಹೆಚ್ಚು ಸಿಗಲಿಲ್ಲ. ಎರಡು ದಿನ ಬಿಟ್ಟು ವಿಡಿಯೊ ಕರೆ ಮಾಡಿದಾಗ 15ರಲ್ಲಿಯೇ ಆರಿ, ಒಳರೋಧ ಎಲ್ಲಿಗೂ ಹೋಗಿಲ್ಲವೆಂದು ಸಾರಿತು. “ಮೊದ್ಲೇ ವಾಸಿ ಇತ್ತು, ಈಗ ನೋಡ್ತಾ ನೋಡ್ತಾ ಇಳೀತದೆ” ಎಂದರು ಅಪ್ಪಯ್ಯ. ಅವರ ದೃಷ್ಟಿಯಿಂದ ಅದು ಸರಿಯಾದ ಮಾತೇ. ಬ್ಯಾಟರಿ ಇಷ್ಟು ಬೇಗ ಮುದಿಯಾದದ್ದೇಕೆ ಎಂದು ಹುಡುಕಿದರೆ, ನಾಲ್ಕು ವರ್ಷವೂ ಅದು ರಾತ್ರಿಯಿಡೀ ಚಾರ್ಜಿಗೆ ಕೂರುತ್ತಿದ್ದ ಜಾಗ ಬಚ್ಚಲ ಒಲೆಯ ಹಿಂಗೋಡೆಯ ಗೂಡು. ಮುಟ್ಟಿದರೆ ಬೆಚ್ಚಗಿರುವ ಗೋಡೆ, ತುಂಬಿದ ಬ್ಯಾಟರಿ, ಮೇಲೆ ದಪ್ಪ ರಬ್ಬರ್ ಕವಚ. ಲಿಥಿಯಂ ಬ್ಯಾಟರಿಗೆ ಶಾಖ ಮತ್ತು ತುಂಬಿದ ಸ್ಥಿತಿ ಎರಡೂ ಒಟ್ಟಿಗೆ ಬಹಳ ಹೊತ್ತು ಇರುವುದಕ್ಕಿಂತ ಕೆಟ್ಟದ್ದು ಹೆಚ್ಚಿಲ್ಲ.

ಕೊನೆಗೆ ಬ್ಯಾಟರಿಯನ್ನೇ ಬದಲಾಯಿಸಿದೆವು. ಹಾಗೆ ಬದಲಾಯಿಸಿದ ಮೊದಲ ವಾರ ಹೊಸದೊಂದು ತಮಾಷೆ ನಡೆಯಿತು: ಅಂಕಿ 100ರಲ್ಲಿ ಎರಡು ಗಂಟೆ ಅಲುಗದೆ ನಿಂತು, ಮಧ್ಯಾಹ್ನಕ್ಕೆ ಕುಸಿದು, ಸಂಜೆ 1ರಲ್ಲಿ ಮುಕ್ಕಾಲು ಗಂಟೆ ಉಳಿಯಿತು. ಕೆಲವು ಫೋನುಗಳಲ್ಲಿ ಫ್ಯುಯೆಲ್ ಗೇಜ್ ಬ್ಯಾಟರಿಯ ಜೊತೆಗೇ ಬರುತ್ತದೆ, ಇನ್ನು ಕೆಲವುದರಲ್ಲಿ ಫೋನಿನ ಮುಖ್ಯ ಬೋರ್ಡಿನ ಮೇಲಿರುತ್ತದೆ. ಇದು ಎರಡನೆಯ ಬಗೆಯದಿರಬೇಕು. ಹೊಸ ಗೋದಾಮಿಗೆ ಹಳೆಯ ಪುಸ್ತಕವೇ ಮುಂದುವರಿದಿತ್ತು. ಮೊದಲು ಹೇಳಿದಂತೆಯೇ ಒಮ್ಮೆ ಪೂರ್ತಿ ಇಳಿಸಿ, ವಿಶ್ರಾಂತಿ ಕೊಟ್ಟು, ಪೂರ್ತಿ ಏರಿಸಿದೆ. ಈ ಸಲ ಮೀಟರು 21.3 ವ್ಯಾಟ್ ಗಂಟೆ ತೋರಿಸಿತು, ಅಂಕಿಯೂ ನೆಟ್ಟಗಾಯಿತು. ಫೋನಿನ ಜಾಗವನ್ನು ಬಚ್ಚಲ ಗೂಡಿನಿಂದ ಚಾವಡಿಯ ಕಿಟಕಿಗೆ ಬದಲಾಯಿಸಿ, 21.3 ಎಂಬ ಅಂಕಿಯನ್ನೂ ತಾರೀಖನ್ನೂ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟು ಬಂದಿದ್ದೇನೆ. ಮುಂದಿನ ಮಳೆಗಾಲದಲ್ಲಿ ಹೋದಾಗ ಅದೇ ಮೀಟರು, ಅದೇ ಚಾರ್ಜರಿನಿಂದ ಮತ್ತೊಮ್ಮೆ ಅಳೆದು ನೋಡಬೇಕು.